ದವಾಖಾನೆಯ ಬಾಗಿಲಿನಲ್ಲಿ ನಮ್ಮ ಕರ್ತವ್ಯ

ಬೇನೆ ಬಿದ್ದವರನ್ನು ಹೋಗಿ ಮಾತನಾಡಿಸಿ ಬರುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದ ಸದಾಚಾರವು. ಹುನಗುಂದದ ಕಡೆಯ ರೈತನೊಬ್ಬನನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದರೆ, ಮರುದಿನ ಬೆಳಗಿನ ಬಸ್ಸಿಗೆ ಅವನ ಅಣ್ಣತಮ್ಮಂದಿರು, ಬೀಗರು, ಓಣಿಯ ಹಿರಿಯರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಹೋಗದೆ ಉಳಿದವನ ಮೇಲೆ ಮಾತು ಬರುತ್ತದೆ. ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಕಷ್ಟಕಾಲದಲ್ಲಿ ಬಂದು ನಿಲ್ಲುವ ಈ ಗುಣವನ್ನು ನಾವು ಹಳಿಯಲಾರೆವು. ಆದರೆ ಒಂದು ಹಾಸಿಗೆಯ ಸುತ್ತ ಎಂಟು-ಹತ್ತು ಜನರು ಮುತ್ತಿಕೊಂಡು, ಅವರಲ್ಲಿ ಇಬ್ಬರು ಕೆಮ್ಮುತ್ತ, ಒಬ್ಬರು ಮೂಗು ಒರೆಸಿಕೊಳ್ಳುತ್ತ ನಿಂತಿರುವ ನೋಟವನ್ನು ಕಂಡವರಿಗೆ, ಈ ಸದಾಚಾರದೊಳಗೆ ಒಂದು ಅನಾಚಾರವೂ ಸೇರಿಕೊಂಡಿದೆಯೆಂಬುದು ಹೊಳೆಯದೆ ಇರದು.

ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗಲೂ ಸಹ ನಮ್ಮ ಬಾಯಿ-ಮೂಗುಗಳಿಂದ ಹನಿಗಳು ಹೊರಬೀಳುತ್ತವೆ. ದೊಡ್ಡವು ಹತ್ತಿರದಲ್ಲಿಯೇ ಕೆಳಗೆ ಬೀಳುತ್ತವೆ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದವು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಇನ್‌ಫ್ಲುಯೆಂಜಾ, ಕೋವಿಡ್, ಕ್ಷಯ ಮೊದಲಾದ ರೋಗಗಳು ಮನುಷ್ಯನಿಂದ ಮನುಷ್ಯನಿಗೆ ದಾಟುವ ಮಾರ್ಗವಿದು. ಇನ್‌ಫ್ಲುಯೆಂಜಾ ತಗುಲಿದವನು ತನಗೆ ಜ್ವರ ಬರುವ ಹಿಂದಿನ ದಿನವೇ ಅದನ್ನು ಇತರರಿಗೆ ಹಂಚಬಲ್ಲನು. ಆದಕಾರಣ “ನನಗೇನೂ ಆಗಿಲ್ಲ” ಎಂಬ ಮಾತನ್ನು ಪ್ರಮಾಣವೆಂದು ಹಿಡಿಯುವಂತಿಲ್ಲ. ನಮಗೆ ಎರಡು ದಿನದ ನೆಗಡಿಯಾಗಿ ಹೋಗುವುದೇ, ವಾರ್ಡಿನಲ್ಲಿ ಮಲಗಿದ ಮಧುಮೇಹಿಗೆ, ಮುದುಕರಿಗೆ, ಹಸುಗೂಸಿಗೆ ನ್ಯುಮೋನಿಯಾ ಆಗಿ ಪರಿಣಮಿಸಬಹುದು. ಆರು ತಿಂಗಳೊಳಗಿನ ಕೂಸಿಗೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ಹಾಕಲು ಬರುವುದಿಲ್ಲ. ಅದರ ರಕ್ಷಣೆಯು ಬಹುಮಟ್ಟಿಗೆ ಹತ್ತಿರ ಬರುವವರ ವಿವೇಕದಲ್ಲಿದೆ.

ಈ ವಿಷಯದಲ್ಲಿ ನಮ್ಮ ಪ್ರಾಂತವು ಕಲಿತ ಪಾಠವು ಅಗ್ಗದ್ದಲ್ಲ. 1918ನೆಯ ಇಸವಿಯ ಜೂನ್ ತಿಂಗಳಲ್ಲಿ ಮುಂಬಯಿ ಬಂದರದಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾವು ಸಪ್ಟಂಬರದಲ್ಲಿ ಮತ್ತೆ ಉಗ್ರವಾಗಿ ಎದ್ದಿತು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಆಗ ವಿಜಾಪುರ ಜಿಲ್ಲೆಗೆ ಸೇರಿ ಮುಂಬಯಿ ಇಲಾಖೆಯೊಳಗೆ ಇದ್ದವು. ಆ ಇಲಾಖೆಯೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ಸತ್ತರು. ಅದೇ ವರ್ಷ ಮಳೆಯೂ ಕೈಕೊಟ್ಟಿತು. ಸತ್ತವರಲ್ಲಿ ಹೆಂಗಸರ ಪ್ರಮಾಣವು ಹೆಚ್ಚಾಗಿದ್ದಿತು. ಮನೆಯೊಳಗೆ ರೋಗಿಯ ಶುಶ್ರೂಷೆಗೆ ನಿಂತವರು ಅವರಲ್ಲವೇ! ರೋಗಿಯ ಮಗ್ಗುಲಲ್ಲಿ ಕುಳಿತವರ ರಕ್ಷಣೆಯನ್ನು ಯಾರೂ ಚಿಂತಿಸದಿದ್ದರೆ ಏನಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮುಖಗವಸಿನ ಕಥೆಯು ಅದಕ್ಕೂ ಹಳೆಯದು. 1910-11ರಲ್ಲಿ ಚೀನದ ಮಂಚೂರಿಯದಲ್ಲಿ ಪುಪ್ಪುಸದ ಪ್ಲೇಗು ಹಬ್ಬಿದಾಗ, ಡಾಕ್ಟರ್ ವೂ ಲಿಯನ್-ತೇ ಎಂಬ ತರುಣ ವೈದ್ಯರು, ಈ ರೋಗವು ಉಸಿರಿನಿಂದ ಹರಡುತ್ತದೆಂದು ಕಂಡುಕೊಂಡು, ಹತ್ತಿ ಮತ್ತು ಜಾಳಿಗೆ ಬಟ್ಟೆಯ ಮುಖಗವಸನ್ನು ಎಲ್ಲರಿಗೂ ಕಟ್ಟಿಸಿದರು. ಅವರಿಗಿಂತ ಹಿರಿಯರಾದ ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಆ ಮಾತನ್ನು ತಿರಸ್ಕರಿಸಿ ಗವಸಿಲ್ಲದೆ ರೋಗಿಗಳ ವಾರ್ಡನ್ನು ಹೊಕ್ಕರು; ಕೆಲವೇ ದಿನಗಳಲ್ಲಿ ಅದೇ ರೋಗದಿಂದ ಮಡಿದರು. ರೋಗಾಣುವು ಯಾರ ಪದವಿಯನ್ನೂ ಕೇಳುವುದಿಲ್ಲ.

ಆದರೆ ನಿಯಮವು ಒಳ್ಳೆಯದಾದ ಮಾತ್ರಕ್ಕೆ ಜನರು ಅದನ್ನು ಒಪ್ಪುವರೆಂದು ತಿಳಿಯಬಾರದು. ಪ್ಲೇಗಿನ ನಿಮಿತ್ತದಿಂದ ಪರಕೀಯ ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಹೊರಡಿಸಿ, ಪುಣೆಯಲ್ಲಿ ಸೋಲ್ಜರರನ್ನು ಮನೆಮನೆಗೆ ನುಗ್ಗಿಸಿತು. ಜನರ ಮಾನವನ್ನು ಲೆಕ್ಕಿಸದ ಆ ತಪಾಸಣೆಯ ಕ್ರೋಧವು ಅದೇ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡನ ಹತ್ಯೆಯಲ್ಲಿ ಸ್ಫೋಟಗೊಂಡಿತು. ಈಗ ಸರಕಾರವು ನಮ್ಮದು. ಕರ್ನಾಟಕವು 2020ರಲ್ಲಿ ಸಾಂಕ್ರಾಮಿಕ ರೋಗಗಳಿಗೆ ತನ್ನದೇ ಆದ ಅಧಿನಿಯಮವನ್ನು ಮಾಡಿಕೊಂಡಿದೆ. ಆದರೂ ಜುಲ್ಮಾನೆಯೊಂದರಿಂದಲೇ ಜನರನ್ನು ತಿದ್ದಲಾಗದೆಂಬುದು ಆ ವರ್ಷವೇ ಸಿದ್ಧವಾಯಿತು. ಮುಖಗವಸು ಧರಿಸದವರಿಗೆ ವಿಧಿಸುತ್ತಿದ್ದ ದಂಡವನ್ನು ಅಕ್ಟೋಬರದ ಆರಂಭದಲ್ಲಿ ನಗರಗಳಲ್ಲಿ 1000 ರೂಪಾಯಿಗೆ ಏರಿಸಿ, ಜನರ ಆಕ್ಷೇಪಕ್ಕೆ ಮಣಿದು ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಬೇಕಾಯಿತು.

ಕೋವಿಡಿನ ಆ ದಿನಗಳನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ದೇಶದ ಮೊದಲ ಕೋವಿಡ್ ಮರಣವು 2020ರ ಮಾರ್ಚಿಯಲ್ಲಿ ನಮ್ಮ ಕಲಬುರ್ಗಿಯದು. ಆ ರೋಗಿಗೆ ಉಪಚರಿಸಿದ ವೈದ್ಯರಿಗೂ ಸೋಂಕು ತಗುಲಿತು. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆಯೂ ಒಂದು ಸಾವನ್ನು ಕಂಡಿತು. ಮೇ ತಿಂಗಳಲ್ಲಿ ಬಾದಾಮಿ ತಾಲೂಕಿನ ಢಾಣಕಶಿರೂರ ಎಂಬ ಒಂದು ಹಳ್ಳಿಯಲ್ಲಿ ಒಂದೇ ದಿನ 13 ಜನರಿಗೆ ಸೋಂಕು ಇರುವುದು ಗೊತ್ತಾಗಿ, ಹಳ್ಳಿಯನ್ನೇ ಮುಚ್ಚಬೇಕಾಯಿತು. ಆಗ ದವಾಖಾನೆಯ ಬಾಗಿಲಿನಲ್ಲಿ ತಡೆದರೆ ಯಾರೂ ಜಗಳ ತೆಗೆಯುತ್ತಿರಲಿಲ್ಲ. ಆ ಭಯವು ಕಳೆಯಿತು; ಭಯದೊಡನೆ ಶಿಸ್ತೂ ಹೊರಟುಹೋಯಿತು. ಭಯದಿಂದ ಹುಟ್ಟಿದ ಶಿಸ್ತಿಗೆ ಭಯದಷ್ಟೇ ಆಯುಷ್ಯವೆಂಬುದನ್ನು ನಾವು ಕಣ್ಣಾರೆ ಕಂಡೆವು.

ರೋಗವಾದರೋ ಹೊರಟುಹೋಗಿಲ್ಲ. ಪ್ರತಿವರ್ಷ ಮಳೆಗಾಲದಲ್ಲಿಯೂ ಚಳಿಗಾಲದಲ್ಲಿಯೂ ಇನ್‌ಫ್ಲುಯೆಂಜಾವು ಬಂದೇ ಬರುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ನಮ್ಮ ದೇಶದವರು. ಇಳಕಲ್ಲಿನ ಕೆಂಪು ಗ್ರಾನೈಟು ದೂರ ದೂರದ ದೇಶಗಳ ಕಟ್ಟಡಗಳನ್ನು ಅಲಂಕರಿಸುತ್ತದೆ; ಆದರೆ ಕಲ್ಲಿನ ಧೂಳನ್ನು ವರ್ಷಗಟ್ಟಲೆ ನುಂಗಿದ ಕೂಲಿಕಾರನ ಪುಪ್ಪುಸವು ಕ್ಷಯಕ್ಕೆ ಸುಲಭವಾಗಿ ತುತ್ತಾಗುತ್ತದೆ. ಅಂಥವನೊಬ್ಬನು ಇನ್ನೂ ರೋಗನಿರ್ಣಯವಾಗದೆ ಕೆಮ್ಮುತ್ತ ಸಾಮಾನ್ಯ ವಾರ್ಡಿನಲ್ಲಿ ಮಲಗಿರುವಾಗ, ಪಕ್ಕದ ಹಾಸಿಗೆಯವನನ್ನು ನೋಡಬಂದ ಬಳಗದವರು ಏನನ್ನು ಮನೆಗೆ ಕೊಂಡೊಯ್ಯುವರೆಂದು ಯಾರು ಹೇಳಬಲ್ಲರು? ನಿಯಮವು ರೋಗಿಯನ್ನು ನಮ್ಮಿಂದ ಕಾಯುವಂತೆ ನಮ್ಮನ್ನೂ ನಮ್ಮ ಮಕ್ಕಳನ್ನೂ ಕಾಯುತ್ತದೆ.

ಹಾಗಾದರೆ ನಿಯಮವು ಏಕೆ ನಿಲ್ಲುವುದಿಲ್ಲ? ಇದಕ್ಕೆ ಬಡವರ ಅಜ್ಞಾನವನ್ನು ದೂರುವುದು ಸುಲಭ. ನಾವು ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಒಮ್ಮೆ ಸ್ನೇಹಿತರೊಬ್ಬರನ್ನು ಕಾಣಲು ಹೋದಾಗ ಭೇಟಿಯ ವೇಳೆಯು ಮುಗಿದಿದ್ದಿತು. ಬಾಗಿಲಿನ ಮುಂದೆ ಒಬ್ಬ ಮುದುಕಿಯು ರೊಟ್ಟಿಯ ಗಂಟನ್ನು ಹಿಡಿದು, ಒಳಗಿರುವ ಮಗನಿಗೆ ಕೊಡಲು ಕಾದು ಕುಳಿತಿದ್ದಳು. ನಾವು “ಪತ್ರಿಕೆಯವರು” ಎಂದು ಹೇಳಿದೊಡನೆ ಕಾವಲುಗಾರನು ಸಲಾಮು ಮಾಡಿ ಬಾಗಿಲು ತೆರೆದನು. ಅಂದು ನಮಗೆ ನೆಗಡಿಯಿತ್ತು, ಬಾಯಿಗೆ ಗವಸಿರಲಿಲ್ಲ. ಹಿಂದಿರುಗುವಾಗಲೂ ಆ ಮುದುಕಿಯು ಅಲ್ಲಿಯೇ ಇದ್ದಳು. ಅವಳ ಮೋರೆಯನ್ನು ನೋಡಲು ನಮಗೆ ಧೈರ್ಯವಾಗಲಿಲ್ಲ. ಸಾಹೇಬರಿಗೆ, ಮುಖಂಡರಿಗೆ, ಪತ್ರಕರ್ತರಿಗೆ ತೆರೆಯುವ ಬಾಗಿಲು ಬಡವಿಗೆ ಮಾತ್ರ ಮುಚ್ಚಿದರೆ, ಅದನ್ನು ಆರೋಗ್ಯದ ನಿಯಮವೆಂದು ಯಾರು ನಂಬುವರು?

ಇನ್ನೊಂದು ಮಾತನ್ನು ಅಧಿಕಾರಿಗಳು ಗಮನಿಸಬೇಕು. ನೋಡಲು ಬರುವವನೂ ರೋಗಿಯ ಸಂಗಡ ಇರುವವನೂ ಒಂದೇ ಅಲ್ಲ. ದಾದಿಯರ ಸಂಖ್ಯೆಯು ಸಾಲದ ನಮ್ಮ ದವಾಖಾನೆಗಳಲ್ಲಿ ರೋಗಿಗೆ ನೀರು ಕುಡಿಸುವುದು, ಮಗ್ಗುಲು ಹೊರಳಿಸುವುದು, ಔಷಧದ ಚೀಟಿಯನ್ನು ಹಿಡಿದು ಓಡಾಡುವುದು ಎಲ್ಲವೂ ಮನೆಯವರಿಂದಲೇ ನಡೆಯುತ್ತದೆ. ಅವರನ್ನು ಹೊರಗಟ್ಟುವುದು ರೋಗಿಯನ್ನು ಅನಾಥನನ್ನಾಗಿ ಮಾಡಿದಂತೆ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ಪ್ರತಿಯೊಬ್ಬ ರೋಗಿಯ ಬಳಿ ಗುರುತಿನ ಚೀಟಿಯುಳ್ಳ ಒಬ್ಬ ಸಂಗಡಿಗನಿರಲಿ. ಅವನಿಗೆ ದವಾಖಾನೆಯೇ ಮುಖಗವಸನ್ನು ಕೊಟ್ಟು, ಮೂಗು-ಬಾಯಿ ಎರಡೂ ಮುಚ್ಚುವಂತೆ ಧರಿಸುವುದನ್ನೂ, ಕೈ ತೊಳೆಯುವುದನ್ನೂ ಕಲಿಸಲಿ. ಕ್ಷಯದ ವಾರ್ಡಿನಲ್ಲಿ ಕೆಲಸ ಮಾಡುವವರಿಗೆ ಸಾಧಾರಣ ಗವಸು ಸಾಲದು. ಅವರಿಗೆ ಎನ್-95 ಎಂಬ ಬಿಗಿಯಾದ ಗವಸನ್ನು ಒದಗಿಸಬೇಕು. ಉಳಿದ ಭೇಟಿಗಾರರು ಗೊತ್ತಾದ ವೇಳೆಯಲ್ಲಿ ಇಬ್ಬಿಬ್ಬರಾಗಿ, ಗವಸು ಧರಿಸಿಯೇ ಒಳಹೋಗಲಿ. ಕೆಮ್ಮು, ನೆಗಡಿ, ಜ್ವರವುಳ್ಳವರೂ ಚಿಕ್ಕ ಮಕ್ಕಳೂ ಹೊರಗೇ ಉಳಿಯಲಿ. ಕೆಮ್ಮುವ ರೋಗಿಗೂ ಗವಸು ಇರಲಿ, ಕಿಟಕಿಗಳು ತೆರೆದಿರಲಿ. ದೂರದ ಹಳ್ಳಿಯಿಂದ ಬಂದವರಿಗೆ ಹೊರಗೆ ನೆರಳು, ನೀರು, ಕುಳ್ಳಿರಲು ಕಟ್ಟೆ ಇರಲಿ; ಬುತ್ತಿಯನ್ನು ಒಳಗೆ ಮುಟ್ಟಿಸುವ ಏರ್ಪಾಡಿರಲಿ. ಇವೆಲ್ಲವನ್ನೂ ಕಾರಣಸಹಿತವಾಗಿ ಶುದ್ಧ ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬಾಗಿಲಿನಲ್ಲಿ ಬರೆಯಿಸಲಿ. ಓದಲು ಬಾರದವರಿಗೆ ಬಾಯಿಂದ ಹೇಳಲಿ. ಎಲ್ಲಕ್ಕೂ ಮಿಗಿಲಾಗಿ, ನಿಯಮವು ಜಿಲ್ಲೆಯ ದೊಡ್ಡ ಅಧಿಕಾರಿಗೂ ಹೊಲದ ಕೂಲಿಯವನಿಗೂ ಒಂದೇ ಆಗಿರಲಿ.

ಸೆರಗನ್ನೋ ವಲ್ಲಿಯನ್ನೋ ಬಾಯಿಗೆ ಅಡ್ಡ ಹಿಡಿಯುವುದು ನಮ್ಮ ಜನರಿಗೆ ಹೊಸದೇನಲ್ಲ. ತೆಳ್ಳನೆಯ ಒಂದು ಪದರವು ಸಾಲದೆಂದು ತಿಳಿಸಿ ಹೇಳಿದರೆ ಅವರು ತಿಳಿಯದವರಲ್ಲ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು, 2018ರಲ್ಲಿ ಲಿಂಗೈಕ್ಯರಾದವರು, ಊರೂರು ತಿರುಗಿ ಜೋಳಿಗೆ ಹಿಡಿದು ಬೇಡಿದ್ದು ಹಣವನ್ನಲ್ಲ, ಕಾಳನ್ನಲ್ಲ, ಜನರ ದುಶ್ಚಟಗಳನ್ನು. ದಂಡ ಹಾಕಿದರೂ ಬಿಡದವರು ಆ ಜೋಳಿಗೆಗೆ ತಮ್ಮ ಚಟವನ್ನು ಹಾಕಿ ಹಗುರಾದರು. ಕೆಮ್ಮುತ್ತ ವಾರ್ಡಿಗೆ ನುಗ್ಗುವ ಚಟವನ್ನೂ, ಅದಕ್ಕಿಂತ ಕೆಟ್ಟದಾದ, ಹೆಸರು ಹೇಳಿ ಬಾಗಿಲು ತೆರೆಯಿಸುವ ಚಟವನ್ನೂ ನಾವು ಸುಶಿಕ್ಷಿತರು ಮೊದಲು ಬಿಡೋಣ. ನಮ್ಮದನ್ನು ನಾವು ಇಂದೇ ಬಿಟ್ಟಿದ್ದೇವೆ.