ಕೊರತೆಯ ಕಾಲಕ್ಕೆ ಕೋಶದ ಜಾಣ ನಿಧಾನ

ಪುಣೆ ಜಿಲ್ಲೆಯ ರಾಂಜಣಗಾಂವ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಗೆ ಹೆಸರಾದ ಊರು. ಫ್ರಿಜ್, ವಾಷಿಂಗ್ ಮೆಷಿನ್ ತಯಾರಿಸುವ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೂ ಹೆಸರಾಗಿದೆ. ಅಂಥ ಕಾರ್ಖಾನೆಯಲ್ಲಿ ಬಿಡಿಭಾಗ ಸಾಲದಾದಾಗ ಅಸೆಂಬ್ಲಿ ಲೈನನ್ನು ತಡೆಯಬೇಕು, ಇಲ್ಲವಾದರೆ ಹೊರಬರುವುದು ಅರೆಬರೆ ಸರಕು. ಡಿಎನ್‌ಎ ನಕಲು ಮಾಡುವ ಜೀವಕೋಶದ ಲೆಕ್ಕಾಚಾರವೂ ಇದೇ. ಒತ್ತಡದಲ್ಲಿ ನಕಲು ನಿಧಾನವಾದರೆ ಕೋಶ ಸೋತಿತು ಎಂದುಕೊಳ್ಳುತ್ತೇವೆ. ಆದರೆ ಆ ನಿಧಾನದಲ್ಲಿ ಕೋಶದ ಕೈಯೂ ಇದೆ.

ಮನುಷ್ಯನ ಒಂದು ಕೋಶ ಇಬ್ಭಾಗವಾಗುವ ಮುನ್ನ ಸುಮಾರು 600 ಕೋಟಿ ಅಕ್ಷರಜೋಡಿಗಳನ್ನು ಎಂಟು ಗಂಟೆಯ ಆಸುಪಾಸಿನಲ್ಲಿ ನಕಲು ಮಾಡಬೇಕು. ಡಿಎನ್‌ಎಯ ಎರಡೆಳೆ ಬಿಚ್ಚಿಕೊಳ್ಳುವ ಕವಲುಗಳು ನಿಮಿಷಕ್ಕೆ ಒಂದೆರಡು ಸಾವಿರ ಅಕ್ಷರದಂತೆ ಸಾವಿರಾರು ಕಡೆ ಸಾಗುತ್ತವೆ. ಹೈಡ್ರಾಕ್ಸಿಯೂರಿಯಾ ಔಷಧಿಯು ಈ ಅಕ್ಷರಗಳನ್ನು ಒದಗಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಕವಲಿನಲ್ಲಿ ಒಂಟಿ ಎಳೆ ಬಯಲಾಗಿ ಉಳಿಯುತ್ತದೆ, ಆರ್‌ಪಿಎ ಪ್ರೊಟೀನು ಅದಕ್ಕೆ ಹೊದಿಕೆಯಾಗುತ್ತದೆ. ಅಲ್ಲಿ ಎಚ್ಚರಗೊಳ್ಳುವ ಎಟಿಆರ್ ಕಿಣ್ವ ಹೊಸ ಜಾಗಗಳಲ್ಲಿ ನಕಲು ಶುರುವಾಗದಂತೆ, ಕೋಶ ವಿಭಜನೆಗೆ ಇಳಿಯದಂತೆ ತಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣೇಶ್ ನಾಗರಾಜು ಅವರ ತಂಡ 2018ರಲ್ಲಿ ಇನ್ನೊಂದು ಸಂಗತಿ ಹೊರಗೆಡವಿತು. ಅಕ್ಷರಗಳ ಕೊರತೆಯಾದಾಗ ಎಟಿಆರ್ ಕಿಣ್ವ ಎಕ್ಸ್‌ಆರ್‌ಸಿಸಿ2 ಎಂಬ ಪ್ರೊಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಆ ಪ್ರೊಟೀನು ಕವಲಿನ ಓಟ ತಗ್ಗಿಸುತ್ತದೆ. ಅದಿಲ್ಲದ ಕೋಶಗಳಲ್ಲಿ ಕವಲು ಕೊರತೆಯಲ್ಲೂ ಮುನ್ನುಗ್ಗಿ, ಡಿಎನ್‌ಎ ಕೆಡುತ್ತದೆ. ಒಂದು ಪ್ರೊಟೀನು ತೆಗೆದರೆ ವೇಗ ಹೆಚ್ಚುತ್ತದೆ ಎಂದರೆ, ಕೊರತೆಯ ಕಾಲದ ನಿಧಾನದಲ್ಲಿ ಕೋಶದ ನಿಯಂತ್ರಣವೂ ಇದೆ ಎಂದಾಯಿತು.

ನಿಂತ ಕವಲೇ ಮುರಿದು ಕ್ಯಾನ್ಸರಿಗೆ ದಾರಿಯಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಕಾವಲು ತಪ್ಪಿದಾಗ. ನಿಂತ ಕವಲಿನಲ್ಲಿ ಬಿಆರ್‌ಸಿಎ2 ಪ್ರೊಟೀನಿನ ನೆರವಿನಿಂದ ಆರ್‌ಎಡಿ51 ಪ್ರೊಟೀನು ಹೊಸ ಎಳೆಯನ್ನು ಕಾಯುತ್ತದೆ. ಬಿಆರ್‌ಸಿಎ2 ಇಲ್ಲದಿದ್ದರೆ ಎಂಆರ್‌ಇ11 ಕಿಣ್ವ ಆ ಎಳೆಯನ್ನು ಕತ್ತರಿಸುತ್ತ ಹೋಗುತ್ತದೆ ಎಂದು 2011ರಲ್ಲೇ ತೋರಿಸಲಾಗಿದೆ. ಕ್ಯಾನ್ಸರ್ ಕೋಶಕ್ಕೂ ಈ ಕಾವಲು ಬೇಕಲ್ಲ ಎಂಬ ಆಕ್ಷೇಪವೂ ನಿಜ. ಎಟಿಆರ್ ತಡೆಯುವ ಔಷಧಿಗಳನ್ನು ಪರೀಕ್ಷಿಸುತ್ತಿರುವುದು ಅದಕ್ಕೇ. ಇನ್ನು ಮೊದಲು ಹೇಳಿದ ಹೈಡ್ರಾಕ್ಸಿಯೂರಿಯಾವನ್ನು ಕುಡಗೋಲು ರಕ್ತಕಣ ಕಾಯಿಲೆಯಲ್ಲಿ ಕೊಡುವುದು ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಲು. ಆದರೂ ಅದು ಮಜ್ಜೆಯ ಕೋಶಗಳ ನಕಲನ್ನು ತಡೆಯುವುದು ತಪ್ಪುವುದಿಲ್ಲ. ಮಜ್ಜೆ ಎಷ್ಟು ತಾಳುತ್ತಿದೆ ಎಂದು ರಕ್ತಕಣಗಳ ಎಣಿಕೆ ನೋಡಿಯೇ ವೈದ್ಯರು ಪ್ರಮಾಣ ನಿರ್ಧರಿಸುತ್ತಾರೆ. ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿ.