ಕಟ್ಟಿಹಾಕಿದ ಕುನ್ನಿ ಕಾವಲು ಕಾಯುವುದಿಲ್ಲ

“ಮರಿಯನ್ನು ಪೇಟೆ, ಬೀದಿ ಎಂದು ತಿರುಗಾಡಿಸಬೇಡಿ. ಜನರ ಸಲಿಗೆ ಬಿದ್ದರೆ ಕಳ್ಳನ ಕೈಯನ್ನೂ ನೆಕ್ಕುತ್ತದೆ.” ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕುನ್ನಿಮರಿ ತಂದವರಿಗೆ ತಪ್ಪದೇ ಸಿಗುವ ಉಪದೇಶವಿದು. ಅದನ್ನು ನಂಬಿ ಎರಡು ತಿಂಗಳ ಮರಿಯನ್ನು ಕೊಟ್ಟಿಗೆಯ ಕಂಬಕ್ಕೆ ಬಿಗಿಯುತ್ತಾರೆ. ವರ್ಷದೊಳಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನಿಗೂ ಅಂಚೆಯವನಿಗೂ ನೆಂಟರ ಮಗುವಿಗೂ ಒಂದೇ ಸಮ ಹಾರಿಬೀಳುವ ನಾಯಿ ತಯಾರು. ಮನೆಯವರು ಅದನ್ನು ‘ಜೋರು’ ಎನ್ನುತ್ತಾರೆ. ಜೋರಲ್ಲ, ಅದು ಹೆದರಿಕೆ. ಹಗಲಿಡೀ ಬೊಗಳುವ ನಾಯಿಯ ದನಿಗೆ ಮನೆಯವರ ಕಿವಿ ಒಗ್ಗಿಹೋಗಿರುತ್ತದೆ. ರಾತ್ರಿ ನಿಜವಾಗಿ ಕಳ್ಳ ಬಂದಾಗ ಯಾರೂ ಏಳುವುದಿಲ್ಲ.

ನಾಯಿಮರಿ ಲೋಕವನ್ನು ಭಯವಿಲ್ಲದೆ ಒಪ್ಪಿಕೊಳ್ಳುವುದು ಹೆಚ್ಚುಕಡಿಮೆ 3ನೇ ವಾರದಿಂದ 14ನೇ ವಾರದವರೆಗೆ. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೇಲಿಯೊಳಗೆ ಬೆಳೆಸಿದ ಮರಿಗಳು 14 ವಾರ ದಾಟಿದ ಮೇಲೆ ಕಾಡುಪ್ರಾಣಿಗಳಂತೆ ವರ್ತಿಸಿದವು. ಆ ಪ್ರಯೋಗ 1961ರಲ್ಲೇ ಪ್ರಕಟವಾಗಿದೆ. ನಾವು ಕಟ್ಟಿಹಾಕುವುದು ಸರಿಯಾಗಿ ಇದೇ ವಾರಗಳಲ್ಲಿ. ಕಾವಲಿನ ಗುಣ ಪ್ರಾಯಕ್ಕೆ ಬರುತ್ತ ತಾನಾಗಿಯೇ ಮೂಡುತ್ತದೆ. ಆದರೆ ಯಾವುದು ಮಾಮೂಲು ಎಂದು ತಿಳಿದ ನಾಯಿಗೆ ಮಾತ್ರ ಯಾವುದು ಮಾಮೂಲಲ್ಲ ಎಂಬುದೂ ತಿಳಿಯುತ್ತದೆ. ಪೊಲೀಸರು ಜನಜಂಗುಳಿಯ ನಡುವೆ ಕರೆತರುವ ನಾಯಿಗಳನ್ನು ನೋಡಿ: ಜನರ ನಡುವೆ ಅಷ್ಟು ಓಡಾಡಿಯೂ ಅವುಗಳ ಚುರುಕು ಕಡಿಮೆಯಾಗಿದೆಯೇ?

ಹಾಗೆಂದು ಮರಿಯನ್ನು ನೇರ ಮಾರಿಕಾಂಬಾ ಜಾತ್ರೆಯ ಗದ್ದಲಕ್ಕೆ ನುಗ್ಗಿಸಬಾರದು. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಮುಂದಿನ ಬೀದಿ ಸಾಕು. ಒಂದು ಬದಿಗೆ ಕೂತು ಗಂಟೆ, ಬಸ್ಸಿನ ಹಾರ್ನ್, ಕೊಡೆ ಹಿಡಿದವರು, ಶಾಲೆಮಕ್ಕಳು ಎಲ್ಲವನ್ನೂ ದೂರದಿಂದ ತೋರಿಸಿ. ಬಾಲ ಕಾಲಸಂದಿಗೆ ಹೋದರೆ ಇನ್ನಷ್ಟು ಹಿಂದೆ ಸರಿಯಿರಿ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಲಸಿಕೆಯ ಸುತ್ತು ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ಇರಿ. ದೇವಿಮನೆ ಘಟ್ಟದಲ್ಲಿ ವಾಂತಿ ಮಾಡಿದ ಮರಿ ಇನ್ನು ಗಾಡಿಗೆ ಆಗದು ಎನ್ನುವುದೂ ಸುಳ್ಳು; ಹೊರಡುವ ಮುಂಚೆ ಕೆಲವು ಗಂಟೆ ಊಟ ಹಾಕದೆ ಸಣ್ಣ ದೂರದಿಂದ ರೂಢಿ ಮಾಡಿಸಿದರೆ ಬಹುತೇಕ ಮರಿಗಳು ಸುಧಾರಿಸುತ್ತವೆ. ಜೋರಾಗಲಿ ಎಂದು ಮರಿಗೆ ಮೆಣಸು ತಿನ್ನಿಸಿದರೂ ಕರುಳು ಉರಿಯುತ್ತದೆಯೇ ಹೊರತು ಧೈರ್ಯ ಬರುವುದಿಲ್ಲ. ಕಾಡಿನಂಚಿಗೆ ಹೋಗಿಬಂದರೆ ಉಣುಗು ಹುಡುಕಿ ತೆಗೆಯಿರಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಂಡ ಸಿದ್ದಾಪುರದವರಿಗೆ ಅದರ ಕಾರಣ ಹೇಳಬೇಕಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವಾಗ ಸುಣ್ಣ ಎಷ್ಟು, ಮೈಲುತುತ್ತ ಎಷ್ಟು ಎಂದು ತೂಗಿ ನೋಡುವ ಜನ ನಾವು. ನಾಯಿಯ ವಿಷಯ ಬಂದರೆ ಮಾತ್ರ ಯಾರೋ ಹೇಳಿದ್ದೇ ಪ್ರಮಾಣ. ನಾಯಿ ಕಚ್ಚಿದ ಗಾಯಕ್ಕೆ ಈಗಲೂ ಖಾರದಪುಡಿ, ಸುಣ್ಣ ಮೆತ್ತುತ್ತಾರೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು ಎಂಬ ಮಾತು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹೆದರಿದ ನಾಯಿಯೇ ಹೆಚ್ಚು ಕಚ್ಚುವುದು. ಅದನ್ನು ಹೆದರಿಸಿ ಬೆಳೆಸಿದವರು ನಾವೇ.

ಮೂರು ತಿಂಗಳು ತುಂಬುತ್ತಲೇ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ. ಅಲ್ಲಿಯವರೆಗೆ ಕಾಯದೆ, ಈ ವಾರವೇ ಮರಿಯನ್ನು ಎತ್ತಿಕೊಂಡು ಪೇಟೆಗೊಮ್ಮೆ ಹೋಗಿಬನ್ನಿ.