ಮೊನೆ ಭಾರವಾದರೆ ಬಾಣ ಪಕ್ಕಕ್ಕೆ ಯಾಕೆ ಹೋಗುತ್ತದೆ?

ಹನೂರಿನ ಓದುಗರೊಬ್ಬರು ಬಹಳ ಚೆಂದದ ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ಅವರ ಮಗಳು ಇಂಡಿಯನ್ ರೌಂಡ್ ವಿಭಾಗದಲ್ಲಿ ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ. ಅಂದರೆ ಬಿದಿರಿನ ಬಿಲ್ಲು, ಬಿದಿರಿನ ಬಾಣ. ಬಾಣಗಳಿಗೆ ಮೊದಲಿಗಿಂತ ತೂಕದ ಮೊನೆ ಹಾಕಿಸಿದ್ದೇ ತಡ, ಒಂದಾದ ಮೇಲೊಂದು ಬಲಕ್ಕೆ ಸರಿದು ಬೀಳತೊಡಗಿವೆ. ‘ಭಾರ ಹೆಚ್ಚಾದರೆ ಬಾಣ ಕೆಳಗೆ ಬೀಳಬೇಕು, ಸರಿ. ಪಕ್ಕಕ್ಕೆ ಯಾಕೆ ಹೋಗಬೇಕು?’ ಎಂಬುದು ಅವರ ಪ್ರಶ್ನೆ. ಜೊತೆಗೊಂದು ಸಂಗತಿ: ಯಾರದೋ ಕಣ್ಣು ಬಿದ್ದಿದೆ ಎಂದು ನೆಂಟರು ಬಿಲ್ಲಿಗೆ ತಾಯತ ಕಟ್ಟಿಸಿದ್ದಾರಂತೆ.

ತಾಯತದ ಮಾತು ಆಮೇಲೆ. ಮೊದಲು, ಎಲ್ಲರ ತಲೆಯಲ್ಲೂ ಬೇರೂರಿರುವ ಒಂದು ತಪ್ಪು ಕಲ್ಪನೆಯನ್ನು ಕಿತ್ತುಹಾಕಬೇಕು. ಬಾಣ ಎಂದರೆ ಅಲುಗದೆ, ಬಾಗದೆ, ಗೆರೆ ಎಳೆದ ಹಾಗೆ ಹೋಗುವ ಕೋಲು ಎಂದು ನಾವು ನಂಬಿದ್ದೇವೆ. ಹಳೇಬೀಡಿನ ಗೋಡೆಯ ಮೇಲೆ ಕುರುಕ್ಷೇತ್ರದ ಬಾಣಗಳೆಲ್ಲ ನೆಟ್ಟಗೆ ನಿಂತಿವೆ. ಟಿವಿಯ ರಾಮಾಯಣದಲ್ಲೂ ಅಷ್ಟೇ. ನಿಜವಾದ ಬಾಣ ಹಾಗೆ ಹೋಗುವುದೇ ಇಲ್ಲ. ಹೆದೆಯಿಂದ ಬಿಟ್ಟ ಕ್ಷಣದಿಂದ ಅದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಬಳುಕುತ್ತ ಹೋಗುತ್ತದೆ. ಬಳುಕದಿದ್ದರೆ ಗುರಿ ಮುಟ್ಟುವುದೂ ಇಲ್ಲ.

ಯಾಕೆಂದರೆ ಬಾಣ ಬಿಲ್ಲಿನ ನಡುವೆ ಕೂತಿರುವುದಿಲ್ಲ, ಬಿಲ್ಲಿನ ಒಂದು ಪಕ್ಕಕ್ಕೆ ಆತುಕೊಂಡಿರುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಅದು ಎಡಪಕ್ಕ. ಆದರೆ ಹೆದೆ ಚಿಮ್ಮುವುದು ಬಿಲ್ಲಿನ ನಡುವಿನತ್ತ. ಹೀಗಿರುವಾಗ ಬಾಣ ಬಿಲ್ಲಿನ ದಪ್ಪದಷ್ಟು ಓರೆಯಾಗಿ ಎಡಕ್ಕೆ ಹೋಗಬೇಕಿತ್ತು, ಹೋಗುವುದಿಲ್ಲ! 1913ರಲ್ಲಿ ರೆಂಡ್‌ಟಾರ್ಫ್ ಎಂಬ ಅಮೆರಿಕನ್ನರು ಇದಕ್ಕೆ ‘ಬಿಲ್ಲುಗಾರನ ವಿರೋಧಾಭಾಸ’ ಎಂದು ಹೆಸರಿಟ್ಟರು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿ ಅತಿವೇಗದ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದಾಗ ಗುಟ್ಟು ಕಣ್ಣಿಗೇ ಕಂಡಿತು. ಹೆದೆ ಬೆರಳುಗಳಿಂದ ಜಾರುವಾಗ ತುಸು ಎಡಕ್ಕೆ ಸರಿಯುತ್ತದೆ, ಬಾಣದ ಹಿಂತುದಿಯೂ ಅದರ ಜೊತೆ ಸರಿಯುತ್ತದೆ. ಆಗ ಬಾಣದ ನಡು ಬಿಲ್ಲಿನ ಕಡೆಗೆ ಬಾಗುತ್ತದೆ. ಮರುಕ್ಷಣ ಹೊರಕ್ಕೆ ಬಾಗುತ್ತದೆ. ಬಾಲದ ಗರಿಗಳು ಬಿಲ್ಲಿನ ಹತ್ತಿರ ಬರುವ ಹೊತ್ತಿಗೆ ಮತ್ತೊಮ್ಮೆ ತಿರುಗಿ ಬಾಗಿ, ಬಿಲ್ಲನ್ನು ಸವರದೆ ಬಳಸಿಕೊಂಡು ಹೊರಟುಹೋಗುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದಕ್ಕೆ ಮುಂಚೆ!

ಇನ್ನೂ ಸೋಜಿಗದ ಸಂಗತಿ ಒಂದಿದೆ, ಇದನ್ನು ಎಷ್ಟು ಸಲ ನೆನೆದರೂ ನನಗೆ ಹಳತಾಗುವುದಿಲ್ಲ. ಬಳುಕುವ ಬಾಣದಲ್ಲಿ ಎರಡು ಬಿಂದುಗಳು ಮಾತ್ರ ಬಳುಕುವುದಿಲ್ಲ. ಏಕರೀತಿಯ, ಎರಡೂ ತುದಿ ಬಿಡುವಾಗಿರುವ ಕೋಲಿನಲ್ಲಿ ಈ ಬಿಂದುಗಳು ಪ್ರತಿ ತುದಿಯಿಂದ ಉದ್ದದ ಶೇ. 22ರಷ್ಟು ಒಳಗೆ ಇರುತ್ತವೆ. ಮೊನೆ ಆಡುತ್ತಿರುತ್ತದೆ, ನಡು ಆಡುತ್ತಿರುತ್ತದೆ, ಬಾಲ ಆಡುತ್ತಿರುತ್ತದೆ. ಈ ಎರಡು ಬಿಂದುಗಳು ಮಾತ್ರ ಗುರಿಯ ಕಡೆಗೆ ಸೀದಾ ಸಾಗುತ್ತಿರುತ್ತವೆ. ನಾವು ‘ಬಾಣ ನೇರ ಹೋಯಿತು’ ಎನ್ನುವುದು ಈ ಎರಡು ಬಿಂದುಗಳ ಪ್ರಯಾಣವನ್ನು ನೋಡಿ. ಮೊನೆಗೆ ಭಾರ ಕಟ್ಟಿದರೆ ಮುಂದಿನ ಬಿಂದು ಮೊನೆಯ ಕಡೆಗೆ ಸರಿಯುತ್ತದೆ, ಬಳುಕಿನ ಲಯವೂ ನಿಧಾನವಾಗುತ್ತದೆ. ಪೊರಕೆಯಿಂದ ತೆಂಗಿನ ಕಡ್ಡಿಯೊಂದನ್ನು ಎಳೆದುಕೊಂಡು ಮೇಜಿನ ಅಂಚಿಗೆ ಒತ್ತಿಹಿಡಿದು ಮೀಟಿ. ಆಮೇಲೆ ತುದಿಗೆ ಗೋಲಿಯಷ್ಟು ಜೇಡಿಮಣ್ಣು ಅಂಟಿಸಿ ಮತ್ತೆ ಮೀಟಿ. ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ.

ಈಗ ಹನೂರಿನ ಪ್ರಶ್ನೆಗೆ ಬರೋಣ. ಹೆದೆ ಬಾಣವನ್ನು ಹಿಂದಿನಿಂದ ತಳ್ಳುತ್ತದೆ, ನಿಂತಿದ್ದ ಮೊನೆ ಹೊರಡಲು ತಡೆಯುತ್ತದೆ, ನಡುವೆ ಸಿಕ್ಕ ಬಾಣದ ಕಡ್ಡಿ ಎರಡೂ ಕಡೆಯಿಂದ ಅದುಮಿಸಿಕೊಳ್ಳುತ್ತದೆ. ಅದುಮಿದ ಕಂಬ ಯಾವಾಗ ಬಾಗುತ್ತದೆ ಎಂಬ ಲೆಕ್ಕವನ್ನು ಆಯ್ಲರ್ 1744ರಲ್ಲೇ ಕೊಟ್ಟಿದ್ದಾರೆ. ಕಡ್ಡಿ 18 ಗ್ರಾಂ, ಮೊನೆ ಆರೂವರೆ ಗ್ರಾಂ ಎಂದಿಟ್ಟುಕೊಳ್ಳಿ. ಆಗ ಹೆದೆಯ ಬಲದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಕಡ್ಡಿಯ ಮುಂತುದಿಯವರೆಗೂ ಹಾದು ಮೊನೆಯನ್ನು ನೂಕಬೇಕು. ಮೊನೆಯನ್ನು 13 ಗ್ರಾಂ ಮಾಡಿದರೆ ಈ ಪಾಲು ಶೇ. 42ಕ್ಕೆ ಏರುತ್ತದೆ. ಕಡ್ಡಿ ಅದೇ, ಆದರೆ ಅದರ ಮೇಲಿನ ಒತ್ತಡ ಹೆಚ್ಚಿತು, ಹಾಗಾಗಿ ಅದು ಹೆಚ್ಚು ಬಾಗುತ್ತದೆ. ಬಿಲ್ಲಿನ ಪಾಲಿಗೆ ಆ ಬಾಣ ಮೆತ್ತಗಾಯಿತು. ಮೆತ್ತಗಿನ ಬಾಣ ಬಲಗೈಯವರಿಗೆ ಬಲಕ್ಕೆ ಹೋಗುತ್ತದೆ, ಅತಿ ಗಡುಸಾದದ್ದು ಎಡಕ್ಕೆ. ಹನೂರಿನ ಹುಡುಗಿಯ ಬಾಣ ಹೇಳುತ್ತಿರುವುದು ಇದನ್ನೇ.

ಈ ಬಾಗುಗುಣಕ್ಕೆ ಬಿಲ್ಲುಗಾರರು ‘ಸ್ಪೈನ್’ ಎನ್ನುತ್ತಾರೆ. ಅಳೆಯುವ ಕ್ರಮ ಸರಳ: 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು, ನಡುವೆ 880 ಗ್ರಾಂ ತೂಕ ತೂಗುಹಾಕಿ, ಎಷ್ಟು ತಗ್ಗಿತು ನೋಡುವುದು. ಅರ್ಧ ಇಂಚು ತಗ್ಗಿದರೆ ಅದು 500ರ ಕಡ್ಡಿ, 0.4 ಇಂಚು ತಗ್ಗಿದರೆ 400ರದ್ದು. ಸಂಖ್ಯೆ ಕಡಿಮೆಯಾದಷ್ಟೂ ಗಡಸು ಹೆಚ್ಚು. ಆದರೆ ಇದು ಕಡ್ಡಿ ಸುಮ್ಮನೆ ಕೂತಿದ್ದಾಗಿನ ಅಳತೆ. ಹಾರುವಾಗಿನ ಗಡಸು ಬಿಲ್ಲಿನ ಬಲ, ಕಡ್ಡಿಯ ಉದ್ದ, ಮೊನೆಯ ತೂಕ ಎಲ್ಲವೂ ಸೇರಿ ತೀರ್ಮಾನವಾಗುತ್ತದೆ.

ಬಿಲ್ಲುಬೇಟೆಗೆ ಕಾನೂನಿನ ಅನುಮತಿ ಇರುವ ಅಮೆರಿಕದಂಥ ದೇಶಗಳಲ್ಲಿ ಈ ಲೆಕ್ಕ ಇನ್ನೂ ಬಿಗಿಯಾದದ್ದು. ಅಲ್ಲಿನವರು ಬ್ರಾಡ್‌ಹೆಡ್ ಎಂಬ ಅಗಲ ಅಲಗಿನ ಮೊನೆ ಹಾಕುತ್ತಾರೆ. 100 ಗ್ರೇನಿನದು, ಅಂದರೆ ಆರೂವರೆ ಗ್ರಾಮಿನದು, ಸಾಮಾನ್ಯ. ಆಳಕ್ಕೆ ನಾಟಬೇಕೆಂದು 200 ಗ್ರೇನಿಗೆ ಹೋಗುವವರೂ ಇದ್ದಾರೆ. ಭಾರದ ಮೊನೆಯಿಂದ ಲಾಭವಿಲ್ಲ ಎಂದಲ್ಲ. ತೂಕದ ಕೇಂದ್ರ ಮುಂದಕ್ಕೆ ಬರುತ್ತದೆ, ಹಿಂದಿನ ಗರಿಗಳ ಹಿಡಿತ ಹೆಚ್ಚುತ್ತದೆ. ಬೇಟೆಯ ಬಾಣದಲ್ಲಿ ಈ ಕೇಂದ್ರ ನಡುವಿನಿಂದ ಉದ್ದದ ಶೇ. 10ರಿಂದ 15ರಷ್ಟು ಮುಂದಿರುವುದು ವಾಡಿಕೆ. ಆದರೆ ಕಡ್ಡಿಯನ್ನು ಬದಲಿಸದೆ ಮೊನೆಯನ್ನು ಮಾತ್ರ ಬದಲಿಸಿದರೆ ಬಾಣ ವಿಪರೀತ ಬಳುಕುತ್ತದೆ, ಅಗಲವಾದ ಅಲಗುಗಳು ಗಾಳಿಯನ್ನು ಓರೆಯಾಗಿ ಹಿಡಿದು ಬಾಣವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಸಣ್ಣ ಮೊನೆಯಲ್ಲಿ ಮುಚ್ಚಿಹೋಗುವ ತಪ್ಪು ಅಗಲ ಅಲಗಿನಲ್ಲಿ ಬಯಲಾಗುತ್ತದೆ. ಅದಕ್ಕೇ ತೂಕ ಏರಿಸಿದವರು ಗಡುಸು ಕಡ್ಡಿಗೆ ಹೋಗುತ್ತಾರೆ, ಇಲ್ಲವೇ ಕಡ್ಡಿಯನ್ನು ಮೋಟು ಮಾಡುತ್ತಾರೆ.

ನಮ್ಮವರಿಗೂ ಈ ಅನುಭವ ಇತ್ತು. ಸಂಸ್ಕೃತದ ಧನುರ್ವೇದ ಗ್ರಂಥಗಳು ಬಾಣಗಳಲ್ಲಿ ಮೂರು ಬಗೆ ಮಾಡುತ್ತವೆ: ಮುಂದೆ ದಪ್ಪವಾದದ್ದು ಹೆಣ್ಣು, ದೂರ ಹೋಗುತ್ತದೆ, ಹಿಂದೆ ದಪ್ಪವಾದದ್ದು ಗಂಡು, ಗಟ್ಟಿಯಾದುದನ್ನು ಭೇದಿಸುತ್ತದೆ, ಸಮನಾದದ್ದು ನಪುಂಸಕ, ಗುರಿ ಅಭ್ಯಾಸಕ್ಕೆ ಒಳ್ಳೆಯದು. ದಪ್ಪ, ತೂಕ ಎಲ್ಲಿದೆ ಎಂಬುದರ ಮೇಲೆ ಬಾಣದ ನಡತೆ ನಿಂತಿದೆ ಎಂದು ಅವರು ಬಿಟ್ಟು ಬಿಟ್ಟು, ನೋಡಿ ನೋಡಿ ಕಂಡುಕೊಂಡಿದ್ದರು. ಅದನ್ನು ಮೆಚ್ಚೋಣ. ಅವರಿಗೆ ಕಂಪನದ ಸಮೀಕರಣವೂ ಗೊತ್ತಿತ್ತು ಎಂದು ಮಾತ್ರ ಹೇಳುವುದು ಬೇಡ.

ಬಿದಿರಿನ ವಿಷಯದಲ್ಲಿ ಎರಡು ಲೆಕ್ಕ ನೆನಪಿಡಿ. ಗಟ್ಟಿ ಕಡ್ಡಿಯ ದಪ್ಪ ಶೇ. 10ರಷ್ಟು ತಗ್ಗಿದರೆ ಅದರ ಗಡಸು ಮೂರರಲ್ಲೊಂದು ಭಾಗ ಹೋಗಿಬಿಡುತ್ತದೆ. ಬಾಗುವ ಭಾಗದ ಉದ್ದ ಶೇ. 10ರಷ್ಟು ಕುಗ್ಗಿದರೆ ಅದೇ ಭಾರಕ್ಕೆ ಬಾಗುವುದು ಶೇ. 27ರಷ್ಟು ಕಡಿಮೆ. ಹನೂರಿನ ಒಣ ಕಾಡಿನ ಕಿರುಬಿದಿರು ಒಳಗೆ ಹೆಚ್ಚುಕಡಿಮೆ ಗಟ್ಟಿಯಾಗಿಯೇ ಬೆಳೆಯುತ್ತದೆ. ಯಾವ ಬಿದಿರಾದರೂ ಅದರ ನಾರು ದಟ್ಟವಾಗಿರುವುದು ಹೊರಸಿಪ್ಪೆಯ ಬಳಿ. ಕೊಳ್ಳೇಗಾಲದ ಸಂತೆಯಲ್ಲಿ ಮೇದರು ಮೊರ ಕಟ್ಟುವುದನ್ನು ಗಮನಿಸಿದ್ದೇನೆ: ಗಟ್ಟಿ ಇರಬೇಕಾದ ಅಂಚಿಗೆ ಸಿಪ್ಪೆ ಕಡೆಯ ಸೀಳನ್ನೇ ಆರಿಸಿಕೊಳ್ಳುತ್ತಾರೆ. ಬಾಣದ ಕಡ್ಡಿಯನ್ನು ನುಣುಪು ಮಾಡುವ ಹುಮ್ಮಸ್ಸಿನಲ್ಲಿ ಆ ಸಿಪ್ಪೆಯನ್ನೇ ಹೆರೆದು ಎಸೆಯುವವರು ಇವರಿಂದ ಕಲಿಯಬೇಕು.

ಇನ್ನು ತಾಯತ. ನಮ್ಮ ಸೀಮೆಯ ಕೊಳ್ಳೇಗಾಲ ಎಂದೊಡನೆ ನಾಡಿನ ಜನ ಮಾಟ-ಮಂತ್ರ ಎನ್ನುತ್ತಾರೆ. ರೇಷ್ಮೆಗೆ ಹೆಸರಾದ ಊರಿಗೆ ಅಂಟಿಸಿದ ಅನ್ಯಾಯದ ಹಣೆಪಟ್ಟಿ ಅದು. ಅದನ್ನು ಅಳಿಸಬೇಕಾದ ನಾವೇ ಮಗುವಿನ ಬಿಲ್ಲಿಗೆ ತಾಯತ ಕಟ್ಟಿದರೆ ಹೇಗೆ? ತಪ್ಪು ಮೊನೆಗೆ ಸೇರಿದ ಹೆಚ್ಚಿನ ಭಾರದಲ್ಲಿದೆ. ತಾಯತ ಕಟ್ಟಿದ ದಿನ ಅಕಸ್ಮಾತ್ ಎರಡು ಬಾಣ ಗುರಿಗೆ ಬಿದ್ದರೆ, ಆ ಹುಡುಗಿ ಕಾರಣ ಹುಡುಕುವುದನ್ನೇ ಬಿಟ್ಟುಬಿಡುತ್ತಾಳೆ. ನನ್ನ ಸಿಟ್ಟು ಇರುವುದು ಅಲ್ಲಿ.

ಅವಳು ಮಾಡಬೇಕಾದದ್ದು ಇಷ್ಟು. ಗರಿ ಇರುವ ಬಾಣಗಳ ಜೊತೆ ಅದೇ ಅಳತೆಯ, ಅದೇ ಮೊನೆಯ, ಗರಿ ಇಲ್ಲದ ಒಂದು ಬಾಣವನ್ನೂ ಹತ್ತಿರದ ಗುರಿಗೆ ಬಿಡಲಿ. ಗರಿ ತಪ್ಪನ್ನು ತಿದ್ದುತ್ತದೆ, ಬೋಳು ಬಾಣ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಬೋಳು ಬಾಣ ಉಳಿದವುಗಳಿಗಿಂತ ಬಲಕ್ಕೆ ನಾಟಿದರೆ ಕಡ್ಡಿ ಮೆತ್ತಗಾಗಿದೆ ಎಂದರ್ಥ. ಹಳೆಯ ಮೊನೆಗೆ ಮರಳಬಹುದು, ದಪ್ಪ ಕಡ್ಡಿ ಆರಿಸಬಹುದು, ಹೆದೆಯ ಪೂರ್ತಿ ಎಳೆತಕ್ಕೆ ಸಾಲುವಷ್ಟು ಉಳಿಸಿಕೊಂಡು ಸ್ವಲ್ಪ ಸ್ವಲ್ಪವೇ ಮೋಟು ಮಾಡಬಹುದು. ಎಳೆತಕ್ಕಿಂತ ಗಿಡ್ಡ ಮಾಡಿದರೆ ಬಾಣ ಕೈಗೇ ನಾಟೀತು, ಜೋಕೆ.

ಒಂದು ಎಚ್ಚರಿಕೆಯ ಮಾತು ಹುಡುಗರಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಿಂದ ಮಾಡಿದರೂ ಬೇಟೆ ಬೇಟೆಯೇ, ಅಪರಾಧವೇ. ಯಳಂದೂರಿನ ಪಕ್ಕದ ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ರಕ್ಷಿತಾರಣ್ಯ, ಹನೂರಿನ ಸುತ್ತ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳಿವೆ. ಹುಲ್ಲಿನ ಗುರಿಹಲಗೆಯ ಮುಂದೆಯೇ ಇಡೀ ಭೌತವಿಜ್ಞಾನ ಕಲಿಯಬಹುದು. ನಮ್ಮ ಪ್ರೌಢಶಾಲೆಗಳ ಮೇಷ್ಟ್ರುಗಳು ಕಂಪನದ ಪಾಠಕ್ಕೆ ಒಂದು ಬಿದಿರು ಬಾಣ, ಎರಡು ಕುರ್ಚಿ, 880 ಗ್ರಾಂ ತೂಕ ತಂದಿಟ್ಟುಕೊಳ್ಳಲಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.